ನಾಲ್ಕನೇ ನಂಬರಿನ ಹಿಡಿ

ಸೋಮವಾರ,
ಊಟದ ಬಿಡುವು

ಮೇಸ್ತ್ರಿಗಳಿಗೆ,

ಹದಿನಾರು ವರ್ಷ ‘ರೀ’ ಅಂತ ಕರೆದವಳು ಈಗ ಏನಂತ ಕರೆಯಬೇಕೋ ತಿಳಿಯದೆ, ಕಾರ್ಖಾನೆಯವರೆಲ್ಲ ಕರೆಯುವ ಹೆಸರನ್ನೇ ಮೇಲೆ ಬರೆದಿದ್ದೇನೆ. ತಪ್ಪು ತಿಳಿಯಬೇಡಿ. ತಿಳಿದರೂ ನನಗೇನೂ ಆಗಬೇಕಾದ್ದಿಲ್ಲ. ಮಗಳು ಚೆನ್ನಾಗಿದ್ದಾಳೆ, ನಿಮ್ಮಷ್ಟೇ ಹಟಮಾರಿ. ಇನ್ನು ವಿಷಯಕ್ಕೆ ಬರುತ್ತೇನೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ಹೊಸ ಸಾಹೇಬರ ಕೋಣೆಯಲ್ಲಿ ನಿಮ್ಮ ಮುಂದೆ ಒಂದು ತಟ್ಟೆ ಬರುತ್ತದೆ. ನೀಲಿ ಮಖಮಲ್ಲಿನ ಮೇಲೆ ಆರು ಹಿತ್ತಾಳೆ ಹಿಡಿ. ನಮ್ಮ ಆರು ಥರದ ಸೇಫ್ಟಿ ರೇಜರಿಗೂ ತಲೆ ಒಂದೇ, ಬ್ಲೇಡು ಒಂದೇ. ಬೇರೆಬೇರೆ ಇರುವುದು ಹಿಡಿ ಮಾತ್ರ. ಇನ್ನು ಮೇಲೆ ಒಂದೇ ಹಿಡಿ ಸಾಕಂತೆ. ಎಲ್ಲರಿಗೂ ಅಚ್ಚುಮೆಚ್ಚಿನದು ಯಾವುದೋ ಅದನ್ನು ಉಳಿಸಿಕೊಂಡು, ಮಿಕ್ಕ ಐದನ್ನು ನಿಲ್ಲಿಸುವುದು. ಆಫೀಸಿನ ಐವರು ಆಗಲೇ ಆರಿಸಿಯಾಗಿದೆ. ಆರನೇ ನಂಬರು, ಉದ್ದನೆಯದು, ಕನ್ನಡಿಯಂತೆ ನುಣುಪಾದದ್ದು. ಆದರೆ ಟೂಲ್ ರೂಮಿನ ಮೇಸ್ತ್ರಿ ಸಹಿ ಇಲ್ಲದೆ ಯಾವ ಮಾಲೂ ಲೇತ್ ಹತ್ತುವುದಿಲ್ಲ, ಆ ನಿಯಮ ಇನ್ನೂ ಸತ್ತಿಲ್ಲ. ಹಾಗಾಗಿ ಕೊನೆಯ ಮಾತು ನಿಮ್ಮದು.

ನುಣುಪು ಹಿಡಿಗೆ ಗೀರು ಬೇಡ. ಗೀರು ಬೇಡವೆಂದರೆ ಗೀರು ಕೊರೆಯುವ ನರ್ಲಿಂಗ್ ವಿಭಾಗ ಬೇಡ. ನರ್ಲಿಂಗ್ ಬೇಡವೆಂದರೆ ನಾವು ಎಂಟು ಹೆಂಗಸರು ಬೇಡ. ಇಷ್ಟೇ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ನೋಟಿಸ್ ಬೋರ್ಡಿನಲ್ಲಿ ‘ಗ್ರಾಹಕರ ಮೆಚ್ಚುಗೆಯ ಆಯ್ಕೆ’ ಎಂದು ಅಂಟಿಸಿದ್ದಾರೆ. ಎಂಟು ಜನರನ್ನು ಮನೆಗೆ ಕಳಿಸುವಾಗ ಮುಖ ನೋಡಿ ಹೇಳುವ ದಮ್ಮಿಲ್ಲದವರು ಊರಿನ ಮುಖಕ್ಕೆಲ್ಲ ರೇಜರ್ ಮಾರಲು ಹೊರಟಿದ್ದಾರೆ.

ಆಫೀಸಿನವರು ಆರಿಸುವ ದಿನ ತಟ್ಟೆ ಒಯ್ದು ಕೊಟ್ಟವಳು ಚಿಮಟಕ್ಕ. ನಮ್ಮ ಎಂಟು ಜನರಲ್ಲಿ ಹಿರಿಯಳು. ಚರ್ಮಕ್ಕೆ ಹೊಕ್ಕ ಹಿತ್ತಾಳೆ ಚೂರನ್ನು ಉಗುರಿನಲ್ಲೇ ಎಳೆದು ತೆಗೆಯುತ್ತಾಳೆಂದು ಆ ಹೆಸರಿಟ್ಟವರು ನೀವೇ. ಕೋಣೆಯ ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡಿ ಬಂದಳು. ಒಬ್ಬರು ಹಿಡಿಯನ್ನು ಪೆನ್ನಿನಂತೆ ಹಿಡಿದು ಗಾಳಿಯಲ್ಲಿ ಸಹಿ ಹಾಕಿದರಂತೆ. ಇನ್ನೊಬ್ಬರು ಆರನೇ ನಂಬರಿನಲ್ಲಿ ತಮ್ಮ ಮುಖ ಕಂಡು ಕ್ರಾಪು ಸರಿಮಾಡಿಕೊಂಡರಂತೆ. ಒಬ್ಬರ ಕೈಯೂ ಒದ್ದೆಯಾಗಲಿಲ್ಲ. ರೇಜರಿನ ಹಿಡಿಯನ್ನು ಒಣಗೈಯಲ್ಲಿ ಆರಿಸುವ ಬುದ್ಧಿವಂತರನ್ನು ನಾನು ಇದೇ ಮೊದಲು ಕೇಳಿದ್ದು.

‘ನಮ್ಮನ್ನೂ ಒಂದು ಮಾತು ಕೇಳಬಾರದಾ ಸಾರ್?’ ಅಂದಳಂತೆ ಚಿಮಟಕ್ಕ. ಸಾಹೇಬರು ನಕ್ಕು, ‘ಯಾಕಮ್ಮಾ, ನಿಮಗೂ ಗಡ್ಡ ಬರತ್ತಾ?’ ಅಂದರಂತೆ. ಕೋಣೆಯೆಲ್ಲ ನಗು. ಇವಳು ಬಿಡುತ್ತಾಳೆಯೇ? ‘ಗಡ್ಡ ಬರಲ್ಲ ಸಾರ್, ಒಪ್ಪಿದೆ. ಆದ್ರೆ ನೀವೀಗ ಬೋಳಿಸ್ತಿರೋದು ನಮ್ಮ ತಲೆನಲ್ವಾ?’ ಅಂದು ಬಾಗಿಲು ಎಳೆದುಕೊಂಡು ಬಂದಳಂತೆ.

ನನಗೂ ಗಡ್ಡ ಬರುವುದಿಲ್ಲ. ಆದರೂ ಹಿಡಿಯ ವಿಷಯದಲ್ಲಿ ಆ ಐವರಿಗಿಂತ ಹೆಚ್ಚು ತಿಳಿದವಳು ನಾನು. ಅದು ಹೇಗೆಂದು ನಿಮಗೆ ಗೊತ್ತು. ಐದು ವರ್ಷದ ಕೆಳಗೆ ನಿಮ್ಮ ಬಲಗೈ ಪ್ರೆಸ್ಸಿನಡಿ ಸಿಕ್ಕಿ ನಾಲ್ಕು ತಿಂಗಳು ಪಟ್ಟಿಯಲ್ಲಿತ್ತು. ಎಡಗೈಯಲ್ಲಿ ಚಮಚವೂ ನಿಲ್ಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಡುಗೆಮನೆಯ ಕಿಟಕಿ ಪಕ್ಕ ಸ್ಟೂಲು, ಹೆಗಲ ಮೇಲೆ ಟವೆಲ್ಲು, ಕೆನ್ನೆ ತುಂಬ ನೊರೆ. ಬಾಯಿ ಮುಚ್ಚಿ ಕೂತಿರಿ ಅಂದರೂ ಕೇಳದೆ ಯೂನಿಯನ್ನಿನ ಭಾಷಣ.

ಮೊದಲ ವಾರ ನಾನು ಬಳಸಿದ್ದು ಇದೇ ಆರನೇ ನಂಬರು. ಆಗ ಅದನ್ನು ಬಹುಮಾನಕ್ಕೆಂದು ಮಾತ್ರ ಮಾಡುತ್ತಿದ್ದರು. ಹತ್ತು ವರ್ಷದ ದುಡಿಮೆಗೆಂದು ನಿಮಗೆ ಡಬ್ಬಿಯಲ್ಲಿಟ್ಟು ಕೊಟ್ಟಿದ್ದರು. ದವಡೆಯ ಕೆಳಗೆ ಕುಯ್ದುಹೋಯಿತು. ನೆತ್ತರು ಕಂಡು ಗಾಬರಿಯಾಗಿ, ‘ಅಲ್ಲಾಡಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ’ ಎಂದು ನಿಮ್ಮ ಮೇಲೇ ರೇಗಿದೆ. ‘ಆಯ್ತು ಬಿಡು, ನನ್ನದೇ ತಪ್ಪು’ ಅಂದಿರಿ. ನೀವು ಅಲ್ಲಾಡಿರಲಿಲ್ಲ. ಸೋಪಿನ ಕೈಯಲ್ಲಿ ಹಿಡಿ ತಿರುಗಿತು. ಅವತ್ತು ಒಪ್ಪಿಕೊಳ್ಳಲಿಲ್ಲ, ಇವತ್ತು ಒಪ್ಪಿಕೊಳ್ಳುತ್ತಿದ್ದೇನೆ.

ಆಮೇಲೆ ರಿಜೆಕ್ಟ್ ಡಬ್ಬಿಯಿಂದ ಒಂದೊಂದನ್ನೇ ಮನೆಗೆ ತಂದೆ. ಒಂದನೆಯದು ತೀರ ತೆಳ್ಳಗೆ, ಅರ್ಧ ಕೆನ್ನೆ ಮುಗಿಯುವಷ್ಟರಲ್ಲಿ ಬೆರಳು ಸೆಟೆದುಕೊಳ್ಳುತ್ತಿತ್ತು. ಎರಡನೆಯದು ಹಗುರ, ಹಗುರ ಹಿಡಿಯನ್ನು ಕೈ ತಾನಾಗಿಯೇ ಒತ್ತುತ್ತದೆ, ಒತ್ತಿದರೆ ಚರ್ಮ ಉರಿಯುತ್ತದೆ. ಮೂರಕ್ಕೆ ಬರೀ ಉದ್ದಗೀರು; ತಿರುಗುವುದಿಲ್ಲ, ಆದರೆ ಕೆಳಕ್ಕೆ ಜಾರುತ್ತದೆ. ಐದನೆಯದು ನೆನಪಿರಬೇಕು, ಒನಕೆ ಇದ್ದಂತಿತ್ತು. ನಾಲ್ಕನೇ ನಂಬರು ನೋಡಲು ಚೆಂದವಿಲ್ಲ. ಗಿಡ್ಡ, ದಪ್ಪ, ಮೈತುಂಬ ಒಂದನ್ನೊಂದು ಕತ್ತರಿಸುವ ಓರೆಗೀರು. ‘ಒಳ್ಳೆ ಗೂಟ ಇದ್ದಂಗಿದೆ ಕಣೇ’ ಅಂದಿರಿ. ಆ ಗೂಟ ಹಿಡಿದ ಮೇಲೆ ಪಟ್ಟಿ ಬಿಚ್ಚುವವರೆಗೂ ನಿಮ್ಮ ಮುಖದ ಮೇಲೆ ಒಂದೇ ಒಂದು ಗೀರು ಬೀಳಲಿಲ್ಲ. ನೊರೆ ಮೆತ್ತಿದ ಕೈ ಅದನ್ನು ಹಿಡಿಯಬೇಕಾಗಿಯೇ ಇಲ್ಲ, ಅದೇ ಕೈಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಕೆಲಸ ಏನೆಂದು ನನಗೆ ತಿಳಿದದ್ದು ಲೇತ್ ಮುಂದೆ ಅಲ್ಲ, ಆ ಸ್ಟೂಲಿನ ಮುಂದೆ.

ನಮ್ಮ ಬೇಡಿಕೆ ಒಂದೇ. ನಾಳೆ ತಟ್ಟೆಯ ಪಕ್ಕ ಒಂದು ಬೋಗುಣಿ ಸೋಪಿನ ನೀರು ತರಿಸಿ. ಆರಿಸಿದ ಐವರನ್ನೂ ಕರೆಸಿ ಅವರ ಕೈಯನ್ನು ಅದರಲ್ಲಿ ಅದ್ದಿಸಿ. ಆಮೇಲೆ ಯಾವುದು ಅಚ್ಚುಮೆಚ್ಚೋ ಹೇಳಲಿ. ಆಗಲೂ ನುಣುಪೇ ಬೇಕೆಂದರೆ ಹಾಗೇ ಬರೆದುಕೊಡಲಿ, ನಾವು ಗೇಟಿನಲ್ಲಿ ಓದಿ ಎಲ್ಲರಿಗೂ ಕೇಳಿಸುತ್ತೇವೆ.

ನಿಮಗೆ ಬರೆಯುತ್ತೇನೆಂದಾಗ ನಮ್ಮವರೆಲ್ಲ ಮುಖಕ್ಕೆ ಉಗಿಯುವುದೊಂದು ಬಾಕಿ. ‘ಅವನಿಗಾ? ಬುದ್ಧಿ ಎಲ್ಲಿಟ್ಟಿದೀಯೇ?’ ಅಂದರು. ಎರಡು ವರ್ಷದ ಕೆಳಗೆ, ಮುಷ್ಕರದ ಹನ್ನೊಂದನೆಯ ದಿನ, ನೀವು ತಲೆ ತಗ್ಗಿಸಿ ಗೇಟು ದಾಟಿ ಒಳಗೆ ಹೋದದ್ದನ್ನು ಅವರೂ ಕಂಡವರೇ. ನಾನು ಘೋಷಣೆ ಕೂಗುತ್ತಿದ್ದೆ. ಅದು ಬಾಯಲ್ಲೇ ನಿಂತಿತು. ‘ಮನೆ ಉಳಿಸೋಕೆ ಹೋದೆ’ ಅಂದಿರಿ ಆಮೇಲೆ. ಮನೆ ಉಳಿಯಲಿಲ್ಲ, ನೀವೊಂದು ಕಡೆ ನಾನೊಂದು ಕಡೆ. ಅದರ ಮೇಲೆ ಮಾತು ಬೆಳೆಸುವ ಆಸೆ ನನಗಿಲ್ಲ. ಚಿಮಟಕ್ಕ ಮಾತ್ರ, ‘ಬರಿ ಮಗಾ. ಗಂಡ ಅಂತ ಬೇಡ, ಮೇಸ್ತ್ರಿ ಅಂತ ಬರಿ’ ಅಂದಳು. ಹಾಗೇ ಬರೆದಿದ್ದೇನೆ. ನಮ್ಮ ಪರ ನಿಲ್ಲಿ ಎಂದು ಕೈಮುಗಿಯುತ್ತಿಲ್ಲ. ಹಿತ್ತಾಳೆಯ ಗುಣ ಬಲ್ಲ ಕೆಲಸಗಾರ ನೀವು. ನಿಮ್ಮ ಕೈಗೆ ತಿಳಿದದ್ದನ್ನು ಬಾಯಲ್ಲಿ ಹೇಳಿ ಅನ್ನುತ್ತಿದ್ದೇನೆ.

ಗಂಟೆ ಹೊಡೆಯಿತು.

ಇಂತಿ,
ನರ್ಲಿಂಗ್ ವಿಭಾಗದ ಮೂರನೇ ಲೇತಿನವಳು

ಸಹಿ ಮಾಡಿದ ಮೇಲೆ ಇನ್ನೊಂದು: ಇದನ್ನು ಬರೆಯಬಾರದೆಂದಿದ್ದೆ. ಶುಕ್ರವಾರ ಸಾಹೇಬರು ನನ್ನೊಬ್ಬಳನ್ನೇ ಕರೆಸಿದ್ದರು. ನರ್ಲಿಂಗ್ ಮುಚ್ಚಿದರೂ ಪ್ಯಾಕಿಂಗಿನಲ್ಲಿ ಒಂದು ಜಾಗ ಇದೆಯಂತೆ, ಅದು ನನಗಂತೆ. ಯಾಕೆ ನನಗೆ ಎಂದು ಕೇಳಿದೆ. ‘ನಿಮ್ಮ ಮೇಸ್ತ್ರಿ ಕೇಳ್ಕೊಂಡ್ರಮ್ಮಾ. ಆರನೇ ನಂಬರಿಗೆ ಸಹಿ ಹಾಕೋಕೆ ಅವರದು ಅದೊಂದೇ ಷರತ್ತು’ ಅಂದು ಒಪ್ಪಿಗೆಯ ಕಾಗದ ಕೈಗಿಟ್ಟು ಕಳಿಸಿದರು. ಅದರ ಮೇಲೆ ‘ಬೇಡ’ ಎಂದು ಬರೆದು ವಾಪಸು ಕೊಟ್ಟಿದ್ದೇನೆ. ಹಾಗಾಗಿ ನಾಳೆ ನನಗೋಸ್ಕರ ಎಂದುಕೊಂಡು ನೀವು ಯಾವುದನ್ನೂ ಆರಿಸಬೇಕಾಗಿಲ್ಲ. ಆದರೆ ಆ ಒಂದು ಪದ ಬರೆಯಲು ನನಗೆ ಶುಕ್ರವಾರದಿಂದ ಇವತ್ತು ಬೆಳಗಿನವರೆಗೆ ಹಿಡಿಯಿತು. ಆ ಏಳು ಜನರಿಗೆ ಇದನ್ನು ಹೇಳಿಲ್ಲ. ನಿಮಗೊಬ್ಬರಿಗೆ ಅರ್ಥವಾಗಬಹುದು ಅನ್ನಿಸಿತು.