ತೊಡೆ ಸಡಿಲ ಬಿಡು

ಸಸ್ಕಟೂನ್, ಮಂಗಳವಾರ

ಪ್ರೀತಿಯ ತಮ್ಮಾ,

ಮುಂದಿನ ತಿಂಗಳು ನಿನ್ನ ಮಂಡಿಯನ್ನೂ ನನ್ನದನ್ನು ಅಳೆದ ಇಲ್ಲಿನ ವಿಶ್ವವಿದ್ಯಾಲಯದ ಲ್ಯಾಬಿನಲ್ಲೇ ಅಳೆಸುತ್ತಾರೆಂದು ಅಮ್ಮ ಬರೆದಿದ್ದಾಳೆ. ಬರುವ ಮೊದಲು ಈ ಕಾರ್ಡನ್ನು ಓದು.

ಐಸ್ ಹಾಕಿಯಲ್ಲಿ ಬಿದ್ದ ಮೇಲೆ ನನ್ನ ಬಲಮಂಡಿ ಜಾರುತ್ತಿದೆ ಎಂದಾಗ ಕೋಚ್ ಆ ಲ್ಯಾಬಿಗೆ ಕಳಿಸಿದರು. ಕಾಲನ್ನು ಬೆಂಚಿಗೆ ಕಟ್ಟಿದರು. ಯಂತ್ರ ಮಂಡಿಯ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯಿತು. ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿದ್ದರೆ ಮೂಳೆ ಹೆಚ್ಚು ಜಾರಬೇಕು. ನಾನು ಹೆದರಿ ತೊಡೆಯ ಹಿಂಭಾಗವನ್ನು ಕಲ್ಲಿನಂತೆ ಬಿಗಿಹಿಡಿದಿದ್ದೆ. ಆ ಬಿಗಿತಕ್ಕೆ ಮೂಳೆ ಜಾರಲಿಲ್ಲ. ಪರದೆಯ ಮೇಲೆ ಎರಡು ಮಂಡಿಗೂ ಒಂದೇ ಅಂಕಿ.

“ಲಿಗಮೆಂಟ್ ಗಟ್ಟಿಯಾಗಿದೆ ಕಣಮ್ಮ, ಸಡಿಲಾಗಿರೋದು ನಿನ್ನ ಧೈರ್ಯ,” ಎಂದರು ಲ್ಯಾಬಿನ ಪ್ರೊಫೆಸರ್.

“ಹಂಗಾದ್ರೆ ನಾಟಕ ಸಾಕು ಮಹಾರಾಣಿ, ಸ್ಕೇಟ್ ಕಟ್ಕೋ,” ಎಂದರು ಕೋಚ್.

ಕಟ್ಟಿಕೊಂಡೆ. ಮೊದಲ ತಿರುವಿನಲ್ಲೇ ಮಂಡಿ ಕುಸಿದು ಮೂಳೆಗಳ ನಡುವಿನ ಮೆತ್ತೆಯೂ ಹರಿಯಿತು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಮಲಗಿಸಿದಾಗ ತೊಡೆ ಸಡಿಲಾಗಿ, ಡಾಕ್ಟರ ಬರಿಗೈಗೇ ಮೂಳೆ ಮೇಜಿನ ಡ್ರಾಯರಿನಂತೆ ಮುಂದೆ ಬಂತಂತೆ.

ಯಂತ್ರ ನಡೆಸಿದ್ದ ವೆಂಡೆಲ್ ನೋಡಲು ಬಂದಿದ್ದ. “ತೊಡೆ ಬಿಗಿ ಮಾಡಿದ್ಯಾ? ಹೇಳಬಾರ್ದಿತ್ತೇನೇ ಮಾರಾಯ್ತಿ!”

“ನೀನು ಒಂದ್ಸಲ ಮುಟ್ಟಿ ನೋಡಬಾರ್ದಿತ್ತೇನೋ?” ಎಂದೆ. ಡೋನಟ್ ಪೊಟ್ಟಣ ಇಟ್ಟು ಹೋದ. ನಾನು ತಿನ್ನಲಿಲ್ಲ.

ಊರುಗೋಲಿನಲ್ಲಿ ಓಡಾಡುತ್ತಿದ್ದೇನೆ, ಊಟ ಸೇರುತ್ತಿದೆ ಎಂದು ಅಮ್ಮನಿಗೆ ಹೇಳು. ತಂಡದಲ್ಲಿ ನನ್ನ ಜಾಗಕ್ಕೆ ಆಗಲೇ ಇನ್ನೊಬ್ಬಳು ಬಂದಿದ್ದಾಳೆ ಎಂದು ಹೇಳಬೇಡ.

ನೋವಾದರೆ ಹಲ್ಲು ಕಚ್ಚಿಕೋ ಎಂದು ಹಾಸ್ಟೆಲಿನಲ್ಲಿ ನಮ್ಮಿಬ್ಬರಿಗೂ ಕಲಿಸಿದರಲ್ಲ, ಆ ಬೆಂಚಿನ ಮೇಲೆ ಅದನ್ನು ಮರೆತುಬಿಡು. ತೊಡೆ ಸಡಿಲ ಬಿಡು, ನೋವಾದರೆ ಕಿರುಚು. ಕಿರುಚದವರ ಮಂಡಿಗೆ ಆ ಲ್ಯಾಬಿನವರ ಲೆಕ್ಕದಲ್ಲಿ ಏನೂ ಆಗಿರುವುದಿಲ್ಲ.

ಕಾರ್ಡು ತುಂಬಿತು.

ನಿನ್ನ ಅಕ್ಕ,
ಓರಿಸಿಯಾ