ಅಕ್ಕನ ಕೈಗೆ ಕಟ್ಟಿದ ದಬ್ಬೆ

ನನ್ನ ತಮ್ಮ ಅಜ್ಜಪ್ಪನಿಗೆ,

ಅಪ್ಪನ ಜೊತೆ ಗಾಡೀಲಿ ರಾಂಪುರದ ಮೂಳೆ ಪಂಡಿತರ ಹತ್ರ ಹೋಗ್ತಿದ್ದೀನಿ. ಮುರಿದ ಎಡಗೈ ನೀನು ದಬ್ಬೆ ಕಟ್ಟಿದ ಮೇಲೆ ಸೊಟ್ಟಗೆ ಕೂಡಿಕೊಂಡೈತೆ. ಅವರೇ ಬಿಚ್ಚಿ ಮತ್ತೆ ಕಟ್ಟಬೇಕು.

ರೊಟ್ಟಿ ನೆಲುವಿನಾಗೈತೆ. ಉದ್ದಿನ ಹಿಟ್ಟನ್ನೆಲ್ಲ ಮೂಳೆ ಕಟ್ಟೋ ಲೇಪಕ್ಕೆ ಕಲಸಿದ್ದೀಯ, ವಡೆ ಕೇಳಬೇಡ. ಕರುವಿನ ಕಾಲಿಗೆ ಕಟ್ಟಿರೋ ಬಿದಿರ ದಬ್ಬೆ ಮೊದಲು ಬಿಚ್ಚು. ಅದರ ಕಾಲು ಮುರಿದೇ ಇಲ್ಲ, ಪುಣ್ಯಾತ್ಮ!

ಯುಗಾದಿಗೆ ಪಂಡಿತರು ಒಬ್ಬನನ್ನೇ ಶಿಷ್ಯನಾಗಿ ತಗೋತಾರಂತೆ, ಕೇಳಿಕೊಂಡು ಬಂದೋರು ನೀನೂ ಸೇರಿ ಹನ್ನೊಂದು ಜನ. ನೀನೋ ‘ಅರ್ಧ ಪಂಡಿತ ಆಗಿದ್ದೀನಿ’ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯ. ಮಿಕ್ಕರ್ಧ ಎಷ್ಟು ದೂರ ಐತೆ ಅಂತ ನನ್ನ ಕೈಯೇ ಹೇಳ್ತೈತೆ.

ಯಾರು ಕಟ್ಟಿದ್ದು ಅಂತ ಪಂಡಿತರು ಕೇಳಿದ್ರೆ ನಿನ್ನ ಹೆಸರನ್ನೇ ಹೇಳ್ತೀನಿ. ಆ ಹನ್ನೊಂದು ಜನದಾಗೆ ಕಲಿಯೋ ಜರೂರು ನಿನಗಿಂತ ಯಾರಿಗೈತೆ?

ತಿಪ್ಪೇರುದ್ರಕ್ಕ