ಮೂಲೆಯ ಹುಲ್ಲು

ಮತ್ರಾ, ಒಮಾನ್
4 ಮಾರ್ಚ್ 1993, ಗುರುವಾರ

ಪ್ರೀತಿಯ ತೆರೇಸಕ್ಕನಿಗೆ,

ದೇವರ ದಯೆಯಿಂದ ನಾನೂ ಎವ್ಲಿನ್‌ಳೂ ಇಲ್ಲಿ ಸೌಖ್ಯ. ನೀನೂ ನಮ್ಮ ಜೇನ್‌ಳೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಕ್ರಿಸ್‌ಮಸ್ ಮುಗಿದ ಕೂಡಲೇ ನೀನು ಬರೆದ ಕಾಗದಕ್ಕೆ ಈಸ್ಟರ್ ಮುಂಚಿನ ತಪಸ್ಸಿನ ಕಾಲ ಶುರುವಾದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವಷ್ಟು ಬೈದುಬಿಡು. ಆಫೀಸಿನಲ್ಲಿ ಪುರುಸೊತ್ತಿರಲಿಲ್ಲ ಎನ್ನಬಹುದಿತ್ತು, ಆದರೆ ನಿನ್ನ ಹತ್ತಿರ ನನ್ನ ಬೇಳೆ ಬೇಯುವುದಿಲ್ಲ. ಬರೆಯಲು ಕೂರುತ್ತಿದ್ದೆ, ಏಳುತ್ತಿದ್ದೆ, ಕಡಲ ದಂಡೆಯ ಕಾರ್ನಿಶ್ ರಸ್ತೆವರೆಗೆ ನಡೆದು ಹಡಗು ನೋಡಿ ಬರುತ್ತಿದ್ದೆ, ಮತ್ತೆ ಕೂರುತ್ತಿದ್ದೆ. ಈ ಎರಡು ತಿಂಗಳಲ್ಲಿ ನನ್ನ ಚಪ್ಪಲಿ ಸವೆದಷ್ಟು ಪೆನ್ನಿನ ಶಾಯಿ ಸವೆದಿಲ್ಲ.

ನೀನು ಕೇಳಿದ್ದು ಒಂದೇ ಮಾತು. ನಮ್ಮ ಮಗಳು ಜೇನ್ ನಿನ್ನ ಬಳಿಯೇ ಇರಲಿ, ಜೂನ್‌ನಲ್ಲಿ ನೀನು ಕಲಿಸುವ ಶಾಲೆಯಲ್ಲೇ ಒಂದನೇ ತರಗತಿಗೆ ಸೇರಲಿ, ಸ್ವಲ್ಪ ದೊಡ್ಡವಳಾದ ಮೇಲೆ ಬೇಕಾದರೆ ಕರೆದುಕೊಳ್ಳಿ ಎಂದು. ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಏಪ್ರಿಲ್‌ಗೇ ತರಗತಿ ಶುರು. ಹಾಗಾಗಿ ಹೌದು ಅಥವಾ ಇಲ್ಲ ಎಂದು ಈ ತಿಂಗಳೇ ಹೇಳಬೇಕು. ಹೇಳುತ್ತೇನೆ. ಆದರೆ ನೇರ ಮಾತಿಗೆ ಬರುವುದು ನನ್ನ ಜಾಯಮಾನದಲ್ಲೇ ಇಲ್ಲವೆಂದು ನಿನಗೆ ಗೊತ್ತು. ಸುತ್ತು ಬಳಸಿ ಬರುತ್ತೇನೆ, ತಾಳ್ಮೆಯಿಂದ ಓದು.

ಮೊದಲು ನನ್ನ ಹೊಸ ಹುಚ್ಚಿನ ಸಮಾಚಾರ. ಹಳೆಯವು ನಿನಗೆ ಗೊತ್ತಿರುವವೇ. ಮ್ಯಾಂಡೊಲಿನ್ ತಂದೆ, ಅದರ ತಂತಿ ಈಗ ಬಾಲ್ಕನಿಯಲ್ಲಿ ಎವ್ಲಿನ್‌ಳ ಕರವಸ್ತ್ರ ಒಣಗಿಸಲು ಉಪಯೋಗವಾಗುತ್ತಿದೆ. ಶಾರ್ಟ್‌ವೇವ್ ರೇಡಿಯೋ ಕಟ್ಟಿದೆ, ಅದರಲ್ಲಿ ಯಾವುದೋ ದೇಶದವರು ಕೆಮ್ಮುವುದು ಮಾತ್ರ ಕೇಳಿಸುತ್ತಿತ್ತು. ಮೀನಿನ ತೊಟ್ಟಿ ಇಟ್ಟೆ, ಕರೆಂಟು ಹೋದ ಒಂದು ಮಧ್ಯಾಹ್ನ ನೀರು ಕಾದು ಮೀನೆಲ್ಲ ಮೇಲೆ ತೇಲಿದವು. ಈ ಸಲದ್ದು ಅನ್ನನೀರು ಬೇಡದ ಹುಚ್ಚು. ಕಂಪ್ಯೂಟರಿನೊಳಗೆ ಹುಳ ಸಾಕುತ್ತಿದ್ದೇನೆ.

ನಗಬೇಡ. ನಮ್ಮ ಸೇಟ್‌ನ ಕಂಪನಿಯಲ್ಲಿ ನನ್ನ ಕೆಲಸ ಏನೆಂದು ನೀನು ಕೇಳುತ್ತಲೇ ಇರುತ್ತೀ. ಗೋದಾಮಿನಲ್ಲಿ ಅಕ್ಕಿ ಎಷ್ಟು, ಏಲಕ್ಕಿ ಎಷ್ಟು, ಟಯರು ಎಷ್ಟು ಎಂದು ಕಂಪ್ಯೂಟರ್ ಹೇಳುವ ಹಾಗೆ ಪ್ರೋಗ್ರಾಂ ಬರೆಯುವುದು, ಅಷ್ಟೇ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇಲ್ಲಿ ಎಲ್ಲ ಅಂಗಡಿ ಆಫೀಸು ಬಂದ್. ಜನ ಮನೆಗೆ ಹೋಗಿ ಉಂಡು ಮಲಗುತ್ತಾರೆ. ಎವ್ಲಿನ್‌ಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದರೆ ನಾನು ಮನೆಗೆ ಹೋಗಿ ಮಾಡುವುದೇನು? ಆಫೀಸಿನಲ್ಲೇ ಡಬ್ಬಿ ಬಿಚ್ಚಿ ಉಂಡು, ಎ.ಸಿ. ಗೊರಗುಟ್ಟುವುದನ್ನು ಕೇಳುತ್ತಾ, ಯಾರೂ ಕೇಳದ ಪ್ರೋಗ್ರಾಂ ಬರೆಯುತ್ತೇನೆ.

ಪರದೆಯ ತುಂಬ ಹಸಿರು ಚುಕ್ಕೆಗಳು. ಅದು ಹುಲ್ಲು. ನಡುವೆ ಓಡಾಡುವ ಬಿಳಿ ಚುಕ್ಕೆಗಳೇ ಹುಳಗಳು. ಹುಲ್ಲಿನ ಮೇಲೆ ಹೋದರೆ ತಿಂದ ಹಾಗೆ, ಮೈಯಲ್ಲಿ ಬಲ ಕೂಡುತ್ತದೆ. ನಡೆದರೆ ಬಲ ಕಳೆಯುತ್ತದೆ. ಬಲ ಮುಗಿದರೆ ಹುಳ ಮಾಯ. ತಿಂದು ಕೊಬ್ಬಿದರೆ ಒಂದು ಮರಿ. ಮರಿಗೆ ತಾಯಿಯ ನಡಿಗೆಯೇ ಬರುತ್ತದೆ, ಎಲ್ಲೋ ಒಂದು ಸಣ್ಣ ವ್ಯತ್ಯಾಸದೊಂದಿಗೆ. ಇಷ್ಟೇ ನಾನು ಬರೆದದ್ದು, ಮುಂದಿನದು ಅವೇ ಮಾಡಿಕೊಂಡದ್ದು. ಮೊದಮೊದಲು ಕುಡಿದವರ ಹಾಗೆ ದಿಕ್ಕು ತಪ್ಪಿ ಅಲೆದು ಸಾಯುತ್ತಿದ್ದವು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಹುಲ್ಲು ದಟ್ಟವಾಗಿರುವ ಕಡೆ ಸುತ್ತು ಹಾಕುವುದನ್ನು ಕಲಿತವು. ಯಾರು ಕಲಿಸಿದರು? ನಾನಂತೂ ಅಲ್ಲ. ಅದನ್ನು ಕಂಡ ದಿನ ನನಗೆ ರೋಮಾಂಚನವಾಯಿತು ಅಕ್ಕಾ. ಕುರ್ಚಿಯಿಂದೆದ್ದು ಖಾಲಿ ಆಫೀಸಿನಲ್ಲಿ ಒಬ್ಬನೇ ಓಡಾಡಿದೆ.

ನಮ್ಮ ಆಫೀಸಿನ ಕೆಳಗೆ ಉಮರಬ್ಬ ಬ್ಯಾರಿಯ ಚಾ ಅಂಗಡಿ. ಉಳ್ಳಾಲದ ಕಡೆಯವರು, ನಮ್ಮ ಕ್ರೈಸ್ತರನ್ನೆಲ್ಲ ಪೊರ್ಬುಗಳೇ ಎಂದು ಕರೆಯುವವರು. ಅವರನ್ನು ಎಳೆದುಕೊಂಡು ಬಂದು ತೋರಿಸಿದೆ. ಬಹಳ ಹೊತ್ತು ನೋಡಿದರು.

"ಎಂತ ಪೊರ್ಬುಗಳೇ, ಇದಕ್ಕೆ ಜೀವ ಉಂಟಾ?"

"ಅದೇ ನನಗೂ ಗೊತ್ತಾಗುವುದಿಲ್ಲ ಬ್ಯಾರಿಗಳೇ."

"ಸ್ವಿಚ್ ತೆಗೆದ್ರೆ?"

"ಎಲ್ಲ ಖಲಾಸ್."

"ಹಾಗಾದ್ರೆ ನಿಮ್ಮ ಸೇಟ್ ಕರೆಂಟು ಬಿಲ್ಲು ನೋಡುವ ಮೊದಲು ಇವಕ್ಕೆಲ್ಲ ಒಂದು ವೀಸಾ ಮಾಡಿಸಿಬಿಡಿ ಮಾರಾಯ್ರೆ" ಎಂದು ನಗುತ್ತಾ ಇಳಿದು ಹೋದರು. ಈ ಕಾಗದ ತರುವವರು ಅವರೇ. ಬುಧವಾರ ಊರಿಗೆ ಹೊರಡುತ್ತಾರೆ. ಜೊತೆಗೆ ಹಾಲಿನ ಪುಡಿ, ಖರ್ಜೂರ ಮತ್ತು ಜೇನ್‌ಗೆ ಒಂದು ಜೊತೆ ಶೂ ಇದೆ. ಶೂ ಅಂದಾಜಿನ ಮೇಲೆ ತೆಗೆದದ್ದು. ಅಂಗಡಿಯವನು ಪಾದದ ಅಳತೆ ಕೇಳಿದಾಗ ಎವ್ಲಿನ್ ಗಾಳಿಯಲ್ಲಿ ಎರಡು ಕೈ ಹಿಡಿದು ತೋರಿಸಿದಳು, ಆಮೇಲೆ ಇನ್ನಷ್ಟು ಅಗಲ ಮಾಡಿದಳು.

ಬ್ಯಾರಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಳದ ಹಸಿವು ಎಂದರೆ ಒಂದು ಅಂಕಿ, ಅಷ್ಟೇ. ಅದು ಇಳಿಯುತ್ತಾ ಬಂದರೆ ನಾನೇಕೆ ಡಬ್ಬಿಯ ಊಟ ಅರ್ಧಕ್ಕೆ ಬಿಡಬೇಕು? ಇಲ್ಲಿಯ ವಾರದ ರಜೆಯಾದ ಶುಕ್ರವಾರದ ಪೂಜೆಯಲ್ಲಿ ಫಾದರ್ ಸೃಷ್ಟಿಯ ಬಗ್ಗೆ ಪ್ರವಚನ ಮಾಡುವಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಎವ್ಲಿನ್ ಮೊಣಕೈಯಿಂದ ತಿವಿದು, "ನಿಮ್ಮ ಹುಳಗಳಿಗೂ ಭಾನುವಾರ ರಜೆ ಉಂಟಾ?" ಎಂದಳು.

ಒಂದು ತೊಂದರೆ ಮಾತ್ರ ಬಗೆಹರಿಯುತ್ತಿರಲಿಲ್ಲ. ಮರಿಯನ್ನು ನಾನು ತಾಯಿಯ ಪಕ್ಕದಲ್ಲೇ ಹುಟ್ಟಿಸುತ್ತಿದ್ದೆ. ಎರಡೂ ಒಂದೇ ಹುಲ್ಲಿಗೆ ಬಾಯಿ ಹಾಕಿ, ಎರಡಕ್ಕೂ ಸಾಲದೆ, ಎರಡೂ ಸಾಯುತ್ತಿದ್ದವು. ಮಧ್ಯಾಹ್ನ ಎರಡು ಗಂಟೆಗೆ ತುಂಬಿದ್ದ ಪರದೆ ಮೂರಕ್ಕೆ ಬರಿದು. ತಲೆ ಕೆಟ್ಟು ಹೋಗಿತ್ತು. ಕೊನೆಗೆ ಒಂದು ಉಪಾಯ ಹೊಳೆಯಿತು. ಪರದೆಯ ಆಚೆ ಮೂಲೆಯಲ್ಲಿ ಯಾರೂ ತಲುಪದ ಹುಲ್ಲು ಸೊಂಪಾಗಿ ಬೆಳೆದಿರುತ್ತದೆ. ಮರಿ ಹುಟ್ಟಿದ ಕೂಡಲೇ ಎತ್ತಿ ಅಲ್ಲಿಗೆ ಹಾಕುವ ಹಾಗೆ ಒಂದೇ ಒಂದು ಸಾಲು ಬದಲಿಸಿದೆ. ನಂಬುತ್ತೀಯಾ, ಹುಳಗಳು ನೂರ್ಮಡಿಯಾದವು! ಇಷ್ಟು ಸುಲಭದ್ದು ನನಗೆ ಮೊದಲೇ ಏಕೆ ಹೊಳೆಯಲಿಲ್ಲವೆಂದು ನನ್ನನ್ನೇ ಬೈದುಕೊಂಡೆ.

ಈ ಪ್ರತಾಪವನ್ನು ಯಾರಿಗಾದರೂ ತೋರಿಸಬೇಕಲ್ಲ. ಕಳೆದ ಗುರುವಾರ ಎವ್ಲಿನ್‌ಗೆ ರಜೆ. ಸೂಕ್ ಪೇಟೆಗೆ ಬಂದಿದ್ದವಳನ್ನು ಆಫೀಸಿಗೆ ಕರೆದುಕೊಂಡು ಹೋದೆ. ಕೈಯಲ್ಲಿ ಜೇನ್‌ಗೆಂದು ತೆಗೆದ ಹೂವಿನ ಹೊದಿಕೆಯ ಪೊಟ್ಟಣ. ಹೊಸ ಫ್ಲ್ಯಾಟಿನ ಸಣ್ಣ ಕೋಣೆಯಲ್ಲಿ ಮಂಚ ಹಾಕಿ ಆಗಿದೆ, ಹೊದಿಕೆ ಮಾತ್ರ ಬಾಕಿ ಇತ್ತು. ನಾನು ಮೇಷ್ಟ್ರ ಹಾಗೆ ವಿವರಿಸುತ್ತಾ ಹೋದೆ. ಅವಳು ಪರದೆಯನ್ನೇ ನೋಡುತ್ತಿದ್ದಳು.

"ಈಗ ಮರಿ ಹಾಕಿತಲ್ಲ, ಅದರ ಮರಿ ಎಲ್ಲಿ?"

"ಅಗೋ, ಆ ಮೂಲೆಯಲ್ಲಿ. ಅಲ್ಲಿ ಬೇಕಾದಷ್ಟು ಹುಲ್ಲುಂಟು."

"ತಾಯಿಗೆ ಗೊತ್ತುಂಟಾ ಅದು ಎಲ್ಲಿ ಅಂತ?"

"ಗೊತ್ತಾಗಲಿಕ್ಕೆ ಅದಕ್ಕೆ ತಲೆ ಎಲ್ಲುಂಟು ಎವ್ಲಿನ್? ಅದೊಂದು ಚುಕ್ಕೆ."

"ಆಮೇಲೆ ಎಂದಾದರೂ ಒಂದಕ್ಕೊಂದು ಸಿಕ್ಕಿದರೆ?"

"ಪಕ್ಕದಲ್ಲೇ ಹೋಗ್ತವೆ. ಗುರುತಿಸುವ ಹಾಗೆ ನಾನು ಬರೆಯಲಿಲ್ಲ."

ಅವಳು ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಎದ್ದಳು. "ಅಲ್ಲಿ ಹುಲ್ಲು ಚೆಂದ ಉಂಟು ಅಂತ ಹಾಕಿದ್ದು ಅಲ್ವಾ? ಜೇನ್‌ಳನ್ನು ಬಿಟ್ಟು ಬರುವಾಗ ನಾವೂ ಅದನ್ನೇ ಹೇಳಿದ್ದು" ಎಂದಳು. ಮನೆ ಹತ್ತಿ ಬಾಗಿಲು ತೆಗೆಯುವಾಗ, "ಇನ್ನು ನಿಮ್ಮ ಅಕ್ಕನಿಗೆ ಬರೆಯಿರಿ. ಏಪ್ರಿಲ್‌ಗೆ ಮಗು ಬರ್ಬೇಕು. ನನಗೆ ಇನ್ನು ತಡೆಯುವುದಿಲ್ಲ" ಎಂದಳು.

6 ಮಾರ್ಚ್, ಶನಿವಾರ

ಮೊನ್ನೆ ಇಲ್ಲಿಗೆ ನಿಲ್ಲಿಸಿ ಎದ್ದುಹೋದೆ. ಅಕ್ಕಾ, ನಾವು ಜೇನ್‌ಳನ್ನು ನಿನ್ನ ಮಡಿಲಿಗೆ ಹಾಕಿದಾಗ ಅವಳಿಗೆ ಹಲ್ಲು ಕೂಡ ಪೂರ್ತಿ ಬಂದಿರಲಿಲ್ಲ. ಇಲ್ಲಿ ನಮ್ಮವರಲ್ಲಿ ಹೆಚ್ಚಿನವರು ಮಾಡುವುದೇ ಅದು. ಹೆರಿಗೆಗೆ ಊರಿಗೆ ಹೋಗುವುದು, ರಜೆ ಮುಗಿದ ಕೂಡಲೇ ಮಗುವನ್ನು ಅಜ್ಜಿಗೋ ಅತ್ತೆಗೋ ಒಪ್ಪಿಸಿ ವಿಮಾನ ಹತ್ತುವುದು. ಆಗ ಎವ್ಲಿನ್ ನರ್ಸುಗಳ ಹಾಸ್ಟೆಲಿನಲ್ಲಿ, ನಾನು ಕಂಪನಿಯ ಬ್ಯಾಚುಲರ್ ರೂಮಿನಲ್ಲಿ. ಗಂಡಹೆಂಡತಿ ಕಾರ್ನಿಶ್ ಕಟ್ಟೆಯ ಮೇಲೆ ಕೂತು ಸಂಸಾರ ಮಾಡಿದ ಕಾಲ ಅದು. ಮಗುವನ್ನು ಎಲ್ಲಿ ಇಟ್ಟುಕೊಳ್ಳುವುದು? ಯಾರೂ ನಮ್ಮನ್ನು ತಪ್ಪು ಎನ್ನಲಿಲ್ಲ. ನಾವೂ ಅಂದುಕೊಳ್ಳಲಿಲ್ಲ. ಪ್ರತಿ ಫೋಟೋದಲ್ಲೂ ಅವಳ ಕೆನ್ನೆ ತುಂಬಿಕೊಳ್ಳುತ್ತಾ ಬಂದದ್ದನ್ನು ನೋಡಿ, ತೆರೇಸಕ್ಕನ ಕೈಗುಣ ಎಂದು ಹಿಗ್ಗುತ್ತಿದ್ದೆವು.

ಇವತ್ತು ಮಧ್ಯಾಹ್ನ ಮರಿಯನ್ನು ಮೂಲೆಗೆ ಹಾಕುವ ಆ ಸಾಲನ್ನು ಅಳಿಸಿದೆ. ಮರಿ ತಾಯಿಯ ಬಳಿಯೇ ಹುಟ್ಟಲಿ, ತಾಯಿ ತನ್ನ ಬಲದಲ್ಲಿ ಅರ್ಧ ಅದಕ್ಕೆ ಕೊಡಲಿ, ಸ್ವಲ್ಪ ಕಾಲ ಎರಡೂ ಜೊತೆಗೇ ನಡೆಯಲಿ ಎಂದು ಹೊಸದಾಗಿ ಬರೆದೆ. ಹೆಚ್ಚು ಉಳಿಯಲಿಲ್ಲ. ಉಳಿದವು ತೀರ ಮೆಲ್ಲಗೆ ನಡೆಯುತ್ತಿದ್ದವು, ಜೋಡಿ ಜೋಡಿಯಾಗಿ. ನೋಡುತ್ತಾ ಕೂರಲು ಆಗಲಿಲ್ಲ, ಆರಿಸಿ ಬರಲು ಮನಸ್ಸೂ ಆಗಲಿಲ್ಲ. ಯಂತ್ರ ಹಾಗೆಯೇ ಬಿಟ್ಟು ಕೆಳಗಿಳಿದು ಬ್ಯಾರಿಯ ಅಂಗಡಿಯಲ್ಲಿ ಎರಡು ಸುಲೈಮಾನಿ ಚಾ ಕುಡಿದೆ.

ಸರಿ, ನೇರ ಮಾತಿಗೆ ಬಂದೆ. ಮಗುವನ್ನು ನಾವು ಕರೆಸಿಕೊಳ್ಳುತ್ತೇವೆ. ಇಲ್ಲಿ ನನಗೆ ಜಾಮೀನು ನಿಂತಿರುವ ಕಫೀಲ್ ಸಹಿ ಹಾಕಿದ್ದಾನೆ, ವೀಸಾ ಬಂದಿದೆ. ಈಸ್ಟರ್‌ಗೆ ಮೊದಲು ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನಿನಗೆ ಇದು ಎಷ್ಟು ನೋವು ಎಂದು ತಿಳಿಯದಷ್ಟು ಕಲ್ಲಲ್ಲ ನಾನು. ಮದುವೆ ಬೇಡವೆಂದು ಹಟ ಹಿಡಿದವಳು ನೀನು. ಜ್ವರ ಬಂದರೆ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳ ಸುತ್ತಿದವಳು, ಅವಳ ತಲೆ ಬಾಚಲು ಶಾಲೆಗೆ ತಡವಾಗಿ ಹೋಗಿ ಹೆಡ್‌ಮಾಸ್ಟರ್ ಹತ್ತಿರ ಬೈಸಿಕೊಂಡವಳು. ಥ್ಯಾಂಕ್ಸ್ ಎಂದು ಬರೆದರೆ ನೀನು ಈ ಕಾಗದ ಹರಿದು ಹಾಕುವೆ. ಕೋಪ ಮಾಡಿಕೋ, ಅಳು, ಆದರೆ ಇಲ್ಲ ಎನ್ನಬೇಡ. ಪ್ರತಿ ಬೇಸಿಗೆ ರಜೆಯಲ್ಲೂ ಅವಳು ನಿನ್ನ ಬಳಿ ಬರುತ್ತಾಳೆ. ಇಲ್ಲಿ ಬಂದು ಕನ್ನಡ ಮರೆತರೆ ನನ್ನ ಕಿವಿ ಹಿಂಡು.

ಎವ್ಲಿನ್ ಪ್ರಣಾಮ ತಿಳಿಸಿದ್ದಾಳೆ. ನಿನ್ನ ಮೊಣಕಾಲು ನೋವಿಗೆ ಎಣ್ಣೆ ಕಳಿಸಿದ್ದಾಳೆ, ಹಚ್ಚಿ ಬಿಸಿನೀರು ಹಾಕಬೇಕಂತೆ. ನಮ್ಮ ಫೋನ್ ಬಂದಾಗ ನಿಮ್ಮನ್ನು ತನ್ನ ಮನೆಗೆ ಕರೆಯುವ ಎದುರುಮನೆಯ ಎಲಿಜಬೆತ್ ಬಾಯಿಗೆ ನಮ್ಮ ನಮಸ್ಕಾರ. ಜೇನ್‌ಗೆ ಇಬ್ಬರ ಮುದ್ದು ಮತ್ತು ಆಶೀರ್ವಾದದ ಬೆಸಾಂವ್. ನಿನ್ನ ಕೈಯಿಂದಲೇ ಅವಳ ಹಣೆಗೆ ಶಿಲುಬೆ ಎಳೆ. ನಿನ್ನ ಆಶೀರ್ವಾದ ಈ ಚಂಚಲನ ತಲೆಯ ಮೇಲೂ ಇರಲಿ.

ನಿನ್ನ ತಮ್ಮ,
ಕ್ಯಾಸ್ಮಿರ್

ತಾ.ಕ. ಮಂಗಳವಾರ ಸಂಜೆ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ನಿನ್ನೆ ನಾವು ಫೋನ್ ಮಾಡಿದಾಗ ನೀನು ಜೇನ್‌ಗೆ ರಿಸೀವರ್ ಕೊಟ್ಟು ಅಂಗಳಕ್ಕೆ ಹೋದೆಯಂತೆ, ನಾವು ಮನಸ್ಸು ಬಿಚ್ಚಿ ಮಾತಾಡಲಿ ಎಂದು. ಹಾಗಾಗಿ ನಿನಗೆ ಕೇಳಿಸಿರಲಿಕ್ಕಿಲ್ಲ. ಎವ್ಲಿನ್ ಅವಳಿಗೆ ಹೊಸ ಮಂಚ, ಹೂವಿನ ಹೊದಿಕೆ, ವಿಮಾನ ಎಲ್ಲ ಹೇಳಿದಳು. ಮಗು ಜಾಣೆಯ ಹಾಗೆ ಹ್ಞೂಂ ಹ್ಞೂಂ ಎನ್ನುತ್ತಿತ್ತು. ಕೊನೆಗೆ ಸ್ವರ ತಗ್ಗಿಸಿ, "ಆಂಟಿ, ನಾನು ಅಲ್ಲಿಗೆ ಬಂದ್ರೆ ಇಲ್ಲಿ ನನ್ನ ಮಮ್ಮಿಗೆ ಯಾರಿದ್ದಾರೆ?" ಎಂದು ಕೇಳಿತು.

ಎವ್ಲಿನ್‌ಳ ಮುಖ ನಾನು ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. "ನೀನಿದ್ದೀಯಲ್ಲ ಮಗಾ, ನೀನು ಅಲ್ಲೇ ಇರು" ಎಂದು ಅವಳು ಮೆಲ್ಲಗೆ ಹೇಳಿದ್ದು ಮಾತ್ರ ಕೇಳಿಸಿತು. ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ರಾಜೀನಾಮೆ ಕೊಟ್ಟು ಬಂದಿದ್ದಾಳೆ. ಹಾಗಾಗಿ ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕು. ಮಗುವನ್ನು ನಾವು ಕರೆಸುವುದಿಲ್ಲ. ಜೂನ್‌ನಲ್ಲಿ ಅವಳನ್ನು ನಿನ್ನ ಶಾಲೆಗೇ ಸೇರಿಸು. ನಾನು ಒಬ್ಬನೇ ಇಲ್ಲಿರುತ್ತೇನೆ, ಎವ್ಲಿನ್ ನಿನ್ನ ಮನೆಗೆ ಬರುತ್ತಾಳೆ. ಅವಳಿಗೊಂದು ಚಾಪೆ ಹಾಸುವಷ್ಟು ಜಾಗ ಕೊಡು. ಮಗು ಅವಳನ್ನು ಆಂಟಿ ಎಂದು ಕರೆದರೆ, ದಮ್ಮಯ್ಯ ಅಕ್ಕಾ, ತಿದ್ದಬೇಡ.